ಒಂಬತ್ತು ಗಡ್ಡಗಳೂ ನಮ್ಮ ದೊಡ್ಡಮ್ಮನೂ

ನಮ್ಮ ದೊಡ್ಡಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಈ ಪರದೇಶದ ಹೈವೇಯಲ್ಲಿ ಸರಿಯಾದ ಎಕ್ಸಿಟ್ ಹಿಡಿದವರು ಇನ್ನೂ ಹುಟ್ಟಿಲ್ಲ! ದಾರಿಯನ್ನು ಪ್ರಿಂಟ್ ತೆಗೆದುಕೊಂಡು ಹೊರಡುತ್ತಿದ್ದ ಕಾಲ. ಆದರೇನು? ಡೆಸ್ ಪ್ಲೇನ್ಸ್‌ನಿಂದ ವೆಸ್ಟ್‌ಮಂಟ್‌ನ ಕನ್ನಡ ಆರಾಧನೆಗೆ ಹೋಗುವಷ್ಟರಲ್ಲಿ ಮೆಥಡಿಸ್ಟ್ ಸಭೆಯ ಮೊದಮೊದಲ ಹೆಂಗಸರ ಚರಿತ್ರೆಯೆಲ್ಲ ನನ್ನ ಕಿವಿಗೆ ಬೀಳಲೇಬೇಕು. ಆಗ ಹೆಂಗಸರು ಬೋಧನೆ ಮಾಡುವಂತಿರಲಿಲ್ಲವಂತೆ, ಬೇಕಾದರೆ ನಾಲ್ಕು ಬುದ್ಧಿಮಾತು ಹೇಳಬಹುದಿತ್ತಂತೆ. ದೊಡ್ಡಮ್ಮ ಇವತ್ತಿಗೂ ಆ ನಿಯಮ ಮೀರಿದವರಲ್ಲ. ನಾಲ್ಕೇ ಮಾತು, ಮುಕ್ಕಾಲು ಗಂಟೆ!

ನಮ್ಮ ಸಭೆಗೆ ಹತ್ತು ವರ್ಷ ತುಂಬಿದಾಗ ಹಾಲ್‌ನ ಗೋಡೆಗೆ ಮಿಷನರಿಗಳ ಕಾಲದಿಂದ ಇಲ್ಲಿಯವರೆಗಿನ ಹಿರಿಯರ ಚಿತ್ರ ಹಾಕಲು ಸಮಿತಿ ಹೊರಟಿತು. ಪಟ್ಟಿಯಲ್ಲಿ ಹನ್ನೊಂದು ಜನ. ಹನ್ನೊಂದೂ ಗಂಡಸರು, ಅದರಲ್ಲಿ ಒಂಬತ್ತು ಗಡ್ಡ! ಪಾಸ್ಟರ್ ಓದುತ್ತಿರುವಾಗಲೇ ದೊಡ್ಡಮ್ಮ ಕೈ ಎತ್ತಿದರು.

“ಅಯ್ಯನವರೇ, ಹೆಂಗಸ್ರೆಲ್ಲ ಎಲ್ಲೋದ್ರು?”

“ಅಡುಗೆಮನೇಲಿದ್ರೇನೋ ಆಂಟಿ,” ಎಂದು ಸಮಿತಿಯ ಕಾರ್ಯದರ್ಶಿ ನಕ್ಕರು.

“ಹೂಂ ಕಣಪ್ಪ. ಆ ಅಡುಗೆಮನೇಲೇ ನಿಮ್ಮ ಸಭೆ ಹುಟ್ಟಿದ್ದು!”

ಸುಮ್ಮನೆ ಆಡಿದ ಮಾತಲ್ಲ. ದೊಡ್ಡಮ್ಮನ ಅಜ್ಜಿ ಕೋಲಾರದ ಕಡೆ ಬೈಬಲ್ ಹೆಂಗಸಾಗಿದ್ದವರು, ಅಂದರೆ ಮಿಷನ್ ಪರವಾಗಿ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತಿದ್ದವರು. ಹಳ್ಳಿಯಿಂದ ಹಳ್ಳಿಗೆ ನಡೆದು, ಹೆಂಗಸರ ಒಲೆಯ ಮುಂದೆ ಕೂತು, ಬೂದಿಯಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಅವರು ಆ ಗೋಡೆಯ ಮೇಲೆ ಬರಲೇಬೇಕೆಂದು ದೊಡ್ಡಮ್ಮನ ಹಟ. ಜಾಗವಿಲ್ಲವೆಂದು ಸಮಿತಿಯ ಹಟ.

ಮುಂದಿನ ಭಾನುವಾರ ಆರಾಧನೆ ಮುಗಿದರೂ ಹೆಂಗಸರೆಲ್ಲ ಮೊದಲ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತೇ ಇದ್ದರು. ಊಟ ಬಡಿಸಲು ಒಬ್ಬರೂ ಏಳಲಿಲ್ಲ.

“ಅಡುಗೆಮನೇಲೂ ಜಾಗ ಇಲ್ವಂತೆ,” ಎಂದರು ದೊಡ್ಡಮ್ಮ.

ಸಮಿತಿ ಡೋನಟ್ ತಿಂದಿತು. ಮೂರು ಭಾನುವಾರ ತಿಂದಿತು. ನಾಲ್ಕನೆಯದಕ್ಕೆ ಮಟನ್ ಪಲಾವಿನ ನೆನಪು ತಾಳಲಾರದೆ ಶರಣಾಯಿತು! ಹೆಂಗಸರಿಗೆ ಒಂದು ಫ್ರೇಮ್. ಸಭೆ ಶುರುವಾದದ್ದೇ ದೊಡ್ಡಮ್ಮನ ಮನೆಯ ಬೇಸ್‌ಮೆಂಟಿನಲ್ಲಿ, ಆದ್ದರಿಂದ ಅವರದೇ ಫೋಟೋ ಎಂದು ತೀರ್ಮಾನವಾಯಿತು. ದೊಡ್ಡಮ್ಮ ಮರುಮಾತಾಡದೆ ಒಪ್ಪಿಕೊಂಡರು. ಆಗಲೇ ನಮಗೆ ಅನುಮಾನ ಬರಬೇಕಿತ್ತು.

ಸಮಾರಂಭದ ದಿನ ಪರದೆ ಸರಿಸಿದರೆ ಹನ್ನೆರಡನೆಯ ಫ್ರೇಮಿನಲ್ಲಿ ಮುಖವೇ ಇಲ್ಲ! ದೊಡ್ಡಮ್ಮ ತಮ್ಮ ಫೋಟೋ ತೆಗೆದುಹಾಕಿ, ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು: ‘ಬೈಬಲ್ ಹೆಂಗಸು ದೀನಮ್ಮ.’

“ಫೋಟೋ ಎಲ್ಲಿ ದೊಡ್ಡಮ್ಮ?” ಎಂದು ಕೇಳಿದೆ.

“ಅಜ್ಜೀದು ಯಾರೂ ತೆಗೀಲಿಲ್ಲ ಕಣೋ. ಊರೂರಿಗೆ ಓದೋದು ಬರೆಯೋದು ಕಲಿಸಿದ್ಲು. ಅವಳ ಹೆಸರು ಮಾತ್ರ ಯಾರೂ ಬರ್ಕೊಳ್ಳಲಿಲ್ಲ.”

ನನ್ನ ಮುತ್ತಜ್ಜಿಯ ಹೆಸರು ನನಗೂ ತಿಳಿದದ್ದು ಅವತ್ತೇ. ಇಷ್ಟು ವರ್ಷ ಕೇಳಿದ್ದೆಲ್ಲ ಬರೀ ‘ನಮ್ಮಜ್ಜಿ’. ಹೆಸರೇನೆಂದು ಕೇಳಬೇಕೆಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಮೆಲ್ಲಗೆ ಆ ಹೆಸರು ಓದಿದೆ.

ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡರು.

“ಇನ್ನೊಂದ್ಸಲ ಓದೋ,” ಎಂದರು. “ಜೋರಾಗಿ.”