ಕೈ ಕಟ್ಟಿ ಕೂರುವ ವಿದ್ಯೆ

ನಮ್ಮ ಜನಕ್ಕೆ ಎಲ್ಲಾ ಬರುತ್ತದೆ, ಇನ್ನೊಬ್ಬರು ಒದ್ದಾಡುವಾಗ ಸುಮ್ಮನೆ ಕೂತು ನೋಡುವುದೊಂದು ಬರುವುದಿಲ್ಲ. ಬೇಕಾದರೆ ಸ್ಟಾಕ್‌ಹೋಮಿನಲ್ಲಿ ನಾವು ಕನ್ನಡದವರು ಸೇರಿ ಮಾಡುವ ಯುಗಾದಿ ಊಟಕ್ಕೆ ಬಂದು ನೋಡಿ. ಯಾರಾದರೂ ಬಿಸಿಬೇಳೆಬಾತಿನ ಪಾತ್ರೆಗೆ ಕೈ ಹಾಕಿದರೆ ಸಾಕು, "ಬಿಡಿ ಬಿಡಿ, ನಾನು ಹಿಡ್ಕೊಳ್ತೀನಿ" ಎಂದು ನಾಲ್ಕು ಕಡೆಯಿಂದ ನಾಲ್ಕು ಜನ ಎದ್ದು ಬರುತ್ತಾರೆ. ಒಬ್ಬರೇ ಎತ್ತಿದ್ದರೆ ನೆಟ್ಟಗೆ ಟೇಬಲ್ ಸೇರುತ್ತಿದ್ದ ಬಾತು ಎಲ್ಲರ ಸಹಾಯದಿಂದ ನೆಲ ಸೇರುತ್ತದೆ. ಆಮೇಲೆ ಅದನ್ನು ಒರೆಸುವುದಕ್ಕೂ ಪೈಪೋಟಿ. ನಾನಂತೂ ಈ ಪೈಕಿ ಮುಂದಿನ ಸಾಲಿನವನು. ಇಷ್ಟು ವರ್ಷ ಇದನ್ನು ಸದ್ಗುಣ ಎಂದೇ ತಿಳಿದಿದ್ದೆ. ಮಗಳು ಫಿಸಿಯೋಥೆರಪಿ ಓದುತ್ತೇನೆ ಎಂದು ಹೊರಟ ಮೇಲೆ ಇದೊಂದು ಕಾಯಿಲೆ ಎಂದು ಗೊತ್ತಾಯಿತು. ಅದೂ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವಂಥದ್ದು.

ಮಗಳು ಇಂಚರ ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಕ್ರೀಡಾವಿಜ್ಞಾನದ ಡಿಗ್ರಿ ಮಾಡುತ್ತಿದ್ದಾಳೆ, ಇದು ಕೊನೆಯ ವರ್ಷ. ಇದಾದ ಮೇಲೆ ಫಿಸಿಯೋಥೆರಪಿಗೆ ಅರ್ಜಿ ಹಾಕುತ್ತೇನೆ ಎಂದು ಮೊದಲ ಸಲ ಹೇಳಿದಾಗ ನಾನು, "ಅಂದ್ರೆ ಮಸಾಜಾ?" ಎಂದು ಕೇಳಿಬಿಟ್ಟೆ. ಅರ್ಧ ದಿನ ಮಾತು ಬಿಟ್ಟಳು. ಆ ತಪ್ಪಿಗೆ ದಂಡವಾಗಿ ನನ್ನ ಬಲಗೈಯನ್ನು ಅವಳ ಅಂಗರಚನಾಶಾಸ್ತ್ರಕ್ಕೆ ಒಪ್ಪಿಸಿದೆ. ಹೆಗಲಿಂದ ಮಣಿಕಟ್ಟಿನವರೆಗೆ ಪೆನ್ನಿನಲ್ಲಿ ಸ್ನಾಯುಗಳ ಗೆರೆ ಎಳೆದು, ಲ್ಯಾಟಿನ್ ಹೆಸರು ಬರೆದು ಬಾಯಿಪಾಠ ಮಾಡಿದಳು. ಮರುದಿನ ಆಫೀಸಿನಲ್ಲಿ ಫಿಕಾ ಹೊತ್ತಿಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿನಲ್ಲಿ, ಸೆಕೆಯಾಯಿತೆಂದು ಶರಟಿನ ತೋಳು ಮಡಿಸಿದೆ. ಕಾಫಿ ಕುಡಿಯುತ್ತಿದ್ದ ನಮ್ಮ ಸ್ವೀಡಿಷ್ ಸಹೋದ್ಯೋಗಿಗಳೆಲ್ಲ ನನ್ನ ಕೈಯನ್ನೊಮ್ಮೆ ನೋಡಿ, ಕಿಟಕಿ ಕಡೆ ತಿರುಗಿ, ಹವಾಮಾನದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಒಬ್ಬರೂ ಏನೂ ಕೇಳಲಿಲ್ಲ. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಜನ ಉಗುರು ಹಾಕಿ ಉಜ್ಜಿರುತ್ತಿದ್ದರು.

ಹೆಸರುಗಳನ್ನೇನೋ ಹುಡುಗಿ ನುಂಗಿ ನೀರು ಕುಡಿದಳು. ಕಷ್ಟ ಬಂದದ್ದು ಬೇರೆ ಕಡೆಯಿಂದ. ಜನರ ಜತೆ ಕೆಲಸ ಮಾಡಿ ಅಭ್ಯಾಸವಾಗಲಿ ಎಂದು ಅವಳು ತರಗತಿಯಿಲ್ಲದ ದಿನಗಳಲ್ಲಿ ಅಲ್ಲೇ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿಗೆ ಬರುವ ಫಿಸಿಯೋ ಒಬ್ಬರು, "ನನ್ನ ಜತೆ ನಿಂತು ನೋಡು" ಎಂದು ಕರೆದರಂತೆ. ಬರ್ಟಿಲ್ ಎಂಬ ಅಜ್ಜನನ್ನು ಕುರ್ಚಿಯಿಂದ ಏಳಿಸುವ ಅಭ್ಯಾಸ ನಡೆಯುತ್ತಿತ್ತು. ಅಜ್ಜ ಕುರ್ಚಿಯ ಕೈ ಹಿಡಿದು, ಮುಂದೆ ಬಾಗಿ, ನಡುಗುತ್ತಾ ಅರ್ಧ ಎದ್ದಿದ್ದಾರೆ. ನಮ್ಮ ಹುಡುಗಿ ತಡೆಯಲಾಗದೆ ಹೋಗಿ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿಬಿಟ್ಟಳು. ಅಜ್ಜನ ಮುಖ ಸಣ್ಣಗಾಯಿತಂತೆ. "ಇವತ್ತು ನಾನೇ ಏಳ್ತಿದ್ದೆ" ಎಂದರಂತೆ. ಫಿಸಿಯೋ ಬೈಯಲಿಲ್ಲ, ಸ್ವೀಡನ್ನಿನಲ್ಲಿ ಬೈಯುವುದಿಲ್ಲವಲ್ಲ. "ಅವರ ಕೆಲಸವನ್ನು ನೀನು ಕಿತ್ತುಕೊಂಡೆ" ಎಂದಷ್ಟೇ ಹೇಳಿದರಂತೆ. ಮುಂದಿನ ವಾರವೂ ಅದೇ ಕಥೆ.

ಫೋನ್ ಮಾಡಿ ಅತ್ತಳು. "ಪಪ್ಪ, ನಂಗೆ ಆಗ್ತಿಲ್ಲ. ಯಾರಾದ್ರೂ ಕಷ್ಟಪಟ್ರೆ ನನ್ ಕೈ ತಾನೇ ಹೋಗ್ಬಿಡತ್ತೆ. ಸುಮ್ನೆ ನಿಲ್ಲೋಕೆ ಬರದೆ ಇದ್ರೆ ನಾನು ಒಳ್ಳೆ ಫಿಸಿಯೋ ಆಗಲ್ಲ. ಅರ್ಜಿಗೆ ಏಪ್ರಿಲ್‌ವರೆಗೂ ಟೈಮಿದೆ, ಅಲ್ಲೀವರೆಗೂ ನೋಡ್ತೀನಿ, ಇಲ್ಲಾಂದ್ರೆ ಅಪ್ಲೈ ಮಾಡಲ್ಲ." ಮೂರು ವರ್ಷದಿಂದ ಅದೊಂದೇ ಕನಸು ಕಂಡವಳು. ಅವಳಿಗೆ ಈ ಕೈ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ಅವಳು ದಾಗಿಸ್‌ಗೆ ಹೋಗುತ್ತಿದ್ದಾಗ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಚಳಿಗಾಲದಲ್ಲಿ ಮೂರು ವರ್ಷದ ಪುಟಾಣಿಗಳೆಲ್ಲ ನೆಲದ ಮೇಲೆ ಹೊರಳಾಡಿಕೊಂಡು ತಾವೇ ಹಿಮದಲ್ಲಿ ಆಡಲು ಮೈತುಂಬ ಮುಚ್ಚುವ ಉಡುಪು ಹಾಕಿಕೊಳ್ಳುತ್ತಿದ್ದವು. ಟೀಚರು ಪಕ್ಕದಲ್ಲಿ ಕೈ ಕಟ್ಟಿ ನಿಂತು, ನಗುತ್ತಾ ಕಾಯುತ್ತಿದ್ದರು. ಕಲ್ಲು ಹೃದಯದವರು ಎಂದುಕೊಂಡು ನಾನು ಒಳಗೆ ನುಗ್ಗಿ, ನನ್ನ ಮಗಳಿಗಷ್ಟೇ ಅಲ್ಲ, ಅಕ್ಕಪಕ್ಕದ ಇಬ್ಬರು ಮಕ್ಕಳಿಗೂ ಜಿಪ್ ಎಳೆದು ಬರುತ್ತಿದ್ದೆ. ಟೀಚರು "ತಾಕ್" ಎಂದು ಥ್ಯಾಂಕ್ಸ್ ಹೇಳುತ್ತಿದ್ದರು, ಯಾಕೋ ಅದರಲ್ಲಿ ಖುಷಿ ಕಾಣಿಸುತ್ತಿರಲಿಲ್ಲ.

ಇನ್ನೇನು ಮಾಡುವುದು, ಮಗಳ ಅಭ್ಯಾಸಕ್ಕೆ ರೋಗಿಯೊಬ್ಬ ಬೇಕು. ಅದಕ್ಕೆ ನಾನಿದ್ದೆ. ನನ್ನ ಎಡಭುಜ ಕಳೆದ ವರ್ಷದಿಂದ ಮರಗಟ್ಟಿದೆ, ಫ್ರೋಜನ್ ಶೋಲ್ಡರ್. ಈ ಚಳಿ ದೇಶದಲ್ಲಿ ಹೆಸರು ಚೆನ್ನಾಗಿ ಒಪ್ಪುತ್ತದೆ. ವಾರಾಂತ್ಯದಲ್ಲಿ ಯೋನ್‌ಶೋಪಿಂಗ್‌ನಿಂದ ಮನೆಗೆ ಬಂದವಳೇ ನನ್ನನ್ನು ಗೋಡೆ ಮುಂದೆ ನಿಲ್ಲಿಸುತ್ತಿದ್ದಳು. ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಬೇಕು. ಅವಳು ತನ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು, ಅಷ್ಟೇ. ನನ್ನ ಪಾಲಿಗೆ ಬೆರಳು ಹತ್ತಿಸುವ ಕೆಲಸ, ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಕೆಲಸ. ನಾನು "ಅಮ್ಮಾ" ಎಂದರೆ ಅವಳ ಕೈ ಬಿಚ್ಚಿಕೊಂಡು ಮುಂದೆ ಬರುತ್ತಿತ್ತು. ಇದರ ಮಧ್ಯೆ ಅಡುಗೆಮನೆಯಿಂದ ನನ್ನ ಹೆಂಡತಿ ಸುಮಾ ಓಡಿ ಬಂದು, "ಅಯ್ಯೋ, ಏನೇ ಇದು, ಹೆತ್ತಪ್ಪನ್ನ ಗೋಡೆಗೆ ನಿಲ್ಲಿಸಿ ನೋಡ್ತೀಯಲ್ಲ!" ಎಂದು ನನ್ನ ಮೊಣಕೈಯನ್ನು ಕೆಳಗಿಂದ ಎತ್ತಿ ಹಿಡಿಯುತ್ತಿದ್ದಳು. "ನೇಯ್, ಮಮ್ಮಾ!" ಎಂದು ಮಗಳು ಬೇಡವೆನ್ನುವುದನ್ನು ಸ್ವೀಡಿಷ್‌ನಲ್ಲಿ ಕಿರುಚುತ್ತಿದ್ದಳು. ಕೋಪ ಬಂದಾಗ ಅವಳಿಗೆ ಕನ್ನಡ ನೆನಪಾಗುವುದಿಲ್ಲ.

ಹೀಗೇ ಮಾರ್ಚ್ ಕಳೆಯಿತು. ಒಂದು ಭಾನುವಾರ ಅವಳನ್ನು ರೈಲಿಗೆ ಬಿಡಲು ಹೊರಟಿದ್ದೆ. ಹೊರಗೆ ಇನ್ನೂ ಹಿಮ. ದಪ್ಪ ಜಾಕೆಟ್ ಹಾಕಬೇಕು, ಎಡಗೈ ಹಿಂದಕ್ಕೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಸುಮಾನೇ ಹಾಕಿಸುತ್ತಿದ್ದಳು, ನಾನು ಮದುವೆ ಗಂಡಿನ ಹಾಗೆ ನಿಂತಿರುತ್ತಿದ್ದೆ. ಅವತ್ತು ಇಂಚರ, "ಮಮ್ಮಾ, ಬೇಡ" ಎಂದಳು. ನಾನು ಎಂದಿನಂತೆ ಬಲಗೈ ತೂರಿಸಿದೆ. ಎಡಗೈ ತೋಳಿನ ಬಾಯಿ ಹುಡುಕುತ್ತಾ ಬೆನ್ನ ಹಿಂದೆ ತಡಕಾಡಿತು. ಪ್ರಾಣ ಹೋಗುವಂಥ ನೋವು. ಒಂದು ಸುತ್ತು ತಿರುಗಿದೆ, ಜಾಕೆಟ್ಟೂ ನನ್ನ ಹಿಂದೆಯೇ ತಿರುಗಿತು. ಅಷ್ಟರಲ್ಲಿ ಸ್ಟೇಷನ್ನಿಗೆ ಹೋಗುವ ಬಸ್ ಹೋಯಿತು. ಮಗಳು ಕದಲಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು, ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಮ್ಮನನ್ನು ತಡೆಯುವುದಕ್ಕೋ ತನ್ನನ್ನು ತಡೆದುಕೊಳ್ಳುವುದಕ್ಕೋ, ದೇವರಿಗೇ ಗೊತ್ತು. ಕೊನೆಗೆ ಒಂದೇ ಮಾತು ಕೇಳಿದಳು: "ಪಪ್ಪ, ಯಾವ ಕೈ ಮೊದ್ಲು ಹಾಕಿದ್ರೆ ಸುಲಭ ಅನ್ಸತ್ತೆ?"

ನಾನು ನಿಂತು ಯೋಚಿಸಿದೆ. ಜಾಕೆಟ್ ತೆಗೆದೆ. ನೋಯುವ ಎಡಗೈಯನ್ನು ಮೊದಲು ತೂರಿಸಿ, ತೋಳನ್ನು ಹೆಗಲವರೆಗೆ ಎಳೆದುಕೊಂಡು, ಬಲಗೈಯನ್ನು ಹಿಂದೆ ಕಳಿಸಿದೆ. ಸಲೀಸಾಗಿ ಹೋಯಿತು! ಇಷ್ಟು ಸಣ್ಣ ಉಪಾಯ ಇಷ್ಟು ದೊಡ್ಡ ತಲೆಗೆ ಇಷ್ಟು ತಿಂಗಳು ಹೊಳೆದಿರಲಿಲ್ಲ, ಹೊಳೆಯುವ ಅಗತ್ಯವೇ ಬಿದ್ದಿರಲಿಲ್ಲ. ಜಿಪ್ ಎಳೆದುಕೊಂಡು ತಲೆ ಎತ್ತಿದೆ, ನನಗೆ ನಾಚಿಕೆಯಾಗುವಷ್ಟು ಖುಷಿಯಾಗಿತ್ತು. ಇಂಚರ ಮೂಗು ಒರೆಸಿಕೊಂಡು, "ಪಪ್ಪ, ನಾನು ಅಪ್ಲೈ ಮಾಡ್ತೀನಿ" ಎಂದಳು. ಮೂವರೂ ಬಾಗಿಲ ಹತ್ತಿರ ನಿಂತು ಅತ್ತೆವು. ಮುಂದಿನ ಬಸ್ಸೂ ಹೋಯಿತು.

ಅವಳನ್ನು ರೈಲು ಹತ್ತಿಸಿ ಮನೆಗೆ ಬಂದರೆ ಸುಮಾ ಊಟಕ್ಕೆ ಅಣಿ ಮಾಡಿದ್ದಳು. "ರೀ, ನಿಮ್ಮ ಆಫೀಸಿನವರ ಹೆಂಡ್ತಿ ಯಾರೋ ಫಿಸಿಯೋ ಇದ್ದಾರಂತಲ್ಲ, ಇಂಚರನ ವಿಷಯ ಅವರ ಕಿವಿಗೆ ಒಂದು ಮಾತು ಹಾಕಿಡಿ" ಎಂದಳು. ನಾನು ಮಹಾಜ್ಞಾನಿಯ ಹಾಗೆ ನಕ್ಕೆ. ಅವರವರ ಕೆಲಸ ಅವರವರೇ ಮಾಡಬೇಕು, ಸಹಾಯ ಮಾಡುವುದೆಂದರೆ ಇನ್ನೊಬ್ಬರ ಶಕ್ತಿಯನ್ನು ಕದ್ದ ಹಾಗೆ, ಸುಮ್ಮನಿರುವುದೇ ನಿಜವಾದ ಪ್ರೀತಿ ಎಂದು ಚೆನ್ನಾಗಿಯೇ ಉಪನ್ಯಾಸ ಕೊಟ್ಟೆ. ಸುಮಾ ಪೂರ್ತಿ ಕೇಳಿ, "ಸರಿ, ಹಾಗಾದ್ರೆ ಬಡಿಸ್ಕೊಳ್ಳಿ" ಎಂದು ಕೈ ಕಟ್ಟಿ ಕೂತಳು.

ಬಡಿಸಿಕೊಂಡೆ. ಅನ್ನ ತಟ್ಟೆಗೆ ಬಿತ್ತು, ಸಾರು ಅರ್ಧ ತಟ್ಟೆಗೂ ಅರ್ಧ ಟೇಬಲ್ಲಿಗೂ ಬಿತ್ತು. ಸೌಟಿನ ಕಡೆ ಸುಮಾಳ ಕೈ ಬಂತು, ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ತುಟಿ ಕಚ್ಚಿಕೊಂಡಿದ್ದಳು, ಪಾಪ, ಸುಮ್ಮನಿರುವುದಕ್ಕೆ ಎಷ್ಟು ಸಂಕಟಪಡುತ್ತಿದ್ದಳೆಂದರೆ ನೋಡುವವರ ಕರುಳು ಚುರುಕ್ ಎನ್ನಬೇಕು. ಹೆಂಡತಿ ಕಣ್ಣೆದುರೇ ಅಷ್ಟು ಒದ್ದಾಡುವಾಗ ನಾನು ಹೇಗೆ ಸುಮ್ಮನಿರಲಿ? "ಯಾಕೆ ಕಷ್ಟಪಡ್ತೀಯ, ತಗೋ, ನೀನೇ ಬಡಿಸಿಬಿಡು" ಎಂದು ತಟ್ಟೆಯನ್ನು ಅವಳ ಕಡೆ ತಳ್ಳಿ ಸಹಾಯ ಮಾಡಿದೆ.