ಹೆಸರಿಲ್ಲದ ಚೀಟಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಗೋಡೆಯಲ್ಲಿದ್ದ ಸಲಹಾ ಪೆಟ್ಟಿಗೆಯನ್ನು ಆ ಬೆಳಿಗ್ಗೆ ಯಾರೂ ಮುಟ್ಟದೆ ಇದ್ದಿದ್ದರೆ ಇಸ್ತ್ರಿಯಕ್ಕನ ಪಾಡು ಹೀಗಾಗುತ್ತಿರಲಿಲ್ಲ. ಆದರೆ ಮಧ್ಯಾಹ್ನ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಕೆಲಸದ ಜಾಗದಲ್ಲಿ ಜನ ನೆಮ್ಮದಿಯಾಗಿದ್ದಾರೆಯೇ ಎಂದು ನೋಡುವುದೇ ಅವರ ಕೆಲಸ. ಪೆಟ್ಟಿಗೆಯಲ್ಲಿ ಏನಿದೆಯೆಂದು ಅವರಿಗೆ ತೋರಿಸಬೇಕಿತ್ತು, ಆದರೆ ಅದರ ಬೀಗದ ಕೈ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರಮ್ಮ ಬೀಗ ಮೀಟಿಸಿ ತೆಗೆಸಿದರು. ಒಳಗೆ ಎರಡು ಅಂಗಿ ಗುಂಡಿ, ಒಂದು ಜಿರಳೆಯ ಹೆಣ, ಒಂದು ಚೀಟಿ.

"ನಿನ್ನ ಮೇಲೇ ಕಣಮ್ಮ ದೂರು," ಎಂದರು ಮ್ಯಾನೇಜರಮ್ಮ, ಚೀಟಿಯನ್ನು ಮಡಿಸಿ ಫೈಲಿಗೆ ಸೇರಿಸುತ್ತ.

"ನನ್ನ ಮೇಲಾ? ಯಾರು ಮೇಡಂ ಬರೆದಿದ್ದು?"

"ಹೆಸರು ಹಾಕೋಕೆ ಅವರಿಗೇನು ಹುಚ್ಚಾ? ಸೂಪರ್‌ವೈಸರ್ ಬೈತಾರಂತೆ. ಬಾತ್‌ರೂಮಿಗೆ ಹೋದ್ರೂ ಗಡಿಯಾರ ನೋಡ್ತಾರಂತೆ. ಮುಖದಲ್ಲಿ ನಗು ಅನ್ನೋದೇ ಇಲ್ವಂತೆ. ನಿನ್ನನ್ನ ಕಾಯಂ ಮಾಡೋ ಕಾಗದಕ್ಕೆ ಇವತ್ತೇ ಆ ಅಧಿಕಾರಿ ಸಹಿ ಆಗ್ಬೇಕು. ಅಷ್ಟರೊಳಗೆ ಏನು ಸರಿ ಮಾಡ್ಕೋತೀಯೋ ಮಾಡ್ಕೋ."

ಹದಿನಾಲ್ಕು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತು ಇಸ್ತ್ರಿಯಕ್ಕನ ಹಿಮ್ಮಡಿಗಳು ಹಳೆಯ ಗೋಡೆಯಂತೆ ಬಿರುಕು ಬಿಟ್ಟಿದ್ದವು. ಮೂರು ತಿಂಗಳ ಹಿಂದೆ ಮ್ಯಾನೇಜರಮ್ಮ ಬಡ್ತಿ ಪಡೆದು ಮೇಲಿನ ಮಹಡಿಗೆ ಹೋದಾಗ ಖಾಲಿಯಾದ ಸೂಪರ್‌ವೈಸರ್ ಕುರ್ಚಿ ಈಕೆಗೆ ತಾತ್ಕಾಲಿಕವಾಗಿ ಸಿಕ್ಕಿತ್ತು. ಒಂದು ಕೈ ಮುರಿದ ಕುರ್ಚಿ. ಆದರೂ ಮೊದಲ ದಿನ ಅದರಲ್ಲಿ ಕೂತಾಗ ನೋವು ಕಾಲಿನಿಂದ ನೆಲಕ್ಕೆ ಹರಿದುಹೋದಂತಾಗಿ ಅಳುವೇ ಬಂದಿತ್ತು. "ಕುರ್ಚಿ ಸಿಕ್ಕಿದ್ದಕ್ಕೆ ಯಾರಾದ್ರೂ ಅಳ್ತಾರೇನೇ?" ಎಂದು ಗಂಡ ನಕ್ಕಿದ್ದ. ದಿನವಿಡೀ ಕೂತೇ ಬಸ್ಸು ಓಡಿಸುವವನಿಗೆ ಅದು ಹೇಗೆ ತಿಳಿಯಬೇಕು?

ಸರಿ, ನಗೋಣ ಎಂದುಕೊಂಡಳು. ಬಟ್ಟೆ ಒಣಗಿಸುವ ಯಂತ್ರದ ಗಾಜಿನ ಬಾಗಿಲಲ್ಲಿ ಮುಖ ನೋಡಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಕೂತವಳಂತೆ ಬಾಯಗಲಿಸಿ ಒಳಗೆ ಬಂದಳು.

"ಎಲ್ಲರೂ ಚೆನ್ನಾಗಿದ್ದೀರೇನ್ರಮ್ಮ? ಯಾರಿಗಾದ್ರೂ ಬಾತ್‌ರೂಮಿಗೆ ಹೋಗ್ಬೇಕಾ? ಆರಾಮಾಗಿ ಹೋಗ್ಬನ್ನಿ, ಅವಸರವಿಲ್ಲ."

ಎಂಟು ಇಸ್ತ್ರಿಗಳು ಗಾಳಿಯಲ್ಲೇ ನಿಂತವು. ಸದಾ ವಟಗುಟ್ಟುವುದರಿಂದ ರೇಡಿಯೊ ಎಂದೇ ಹೆಸರಾದವಳು ಪಕ್ಕದವಳ ಕಿವಿಯಲ್ಲಿ ಉಸುರಿದಳು: "ಕಟುಕ ಕುರಿಗೆ ಸೊಪ್ಪು ತೋರಿಸ್ತಿದ್ದಾನೆ ಕಣೇ. ಯಾರದ್ದೋ ಕೆಲಸ ಹೋಯ್ತು."

ಈಗ ಹೋದವಳ ಹೆಸರೇ ಕೆಲಸ ಕಳೆದುಕೊಳ್ಳುವವರ ಪಟ್ಟಿಗೆ ಬೀಳುತ್ತದೆಂದು ಹೆದರಿ ಒಬ್ಬಳೂ ಬಾತ್‌ರೂಮಿನ ಕಡೆ ತಿರುಗಿ ನೋಡಲಿಲ್ಲ. ಹನ್ನೊಂದರ ಹೊತ್ತಿಗೆ ಎಂಟೂ ಜನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕೊಕ್ಕರೆಗಳ ಹಾಗೆ ನಿಂತಿದ್ದರು.

ಇಸ್ತ್ರಿಯಕ್ಕ ಸುಮ್ಮನಿರಲಿಲ್ಲ. ಮಾತು ಮಾತಿಗೆ ಕಣ್ಣೀರು ಹಾಕುವ ಅಳುಮುಂಜಿಯ ಬೆನ್ನ ಮೇಲೆ ಕೈಯಿಟ್ಟಳು.

"ನನ್ನಿಂದ ನಿನಗೇನಾದ್ರೂ ಬೇಜಾರಾಗಿದ್ಯಾ? ಮನಸ್ಸು ಬಿಚ್ಚಿ ಹೇಳು."

"ಅಯ್ಯೋ ಮೇಡಂ, ನನ್ನನ್ನೇ ತೆಗೀತೀರಾ? ಎರಡು ಚಿಕ್ಕ ಮಕ್ಕಳಿದ್ದಾವೆ!"

"ತೆಗೆಯೋದಿಲ್ವೇ! ಪ್ರೀತಿಯಿಂದ ಕೇಳ್ತಿದ್ದೀನಿ!"

"ಪ್ರೀತಿಯಿಂದ ಬೇಡಿ ಮೇಡಂ, ದಿನಾ ಬೈದ ಹಾಗೇ ಬೈದುಬಿಡಿ!"

ಅವಳು ಮುಖ ಮುಚ್ಚಿ ಅಳುತ್ತಿದ್ದಾಗ ಇಸ್ತ್ರಿ ಸರ್ಜನರ ಬಿಳಿ ಕೋಟಿನ ಬೆನ್ನ ಮೇಲೆ ಹಾಯಾಗಿ ಮಲಗಿತ್ತು. ಹೊಗೆ ಎದ್ದಿತು. ಕೋಟಿನಲ್ಲಿ ಕಂದು ಬಣ್ಣದ ದೋಣಿಯೊಂದು ಮೂಡಿತು. ಎಲ್ಲರೂ ಅತ್ತ ಓಡಿದರು. ಮಡಿಸಿಟ್ಟ ಹಾಸುಬಟ್ಟೆಗಳ ಗಾಡಿ ಮಗುಚಿಬಿತ್ತು.

"ಪರವಾಗಿಲ್ಲ," ಎಂದಳು ಇಸ್ತ್ರಿಯಕ್ಕ, ಇನ್ನೂ ನಗುತ್ತ. ಆ ನಗು ಕಂಡು ಇನ್ನಿಬ್ಬರು ಅಳತೊಡಗಿದರು.

ಆಕೆ ಕುರ್ಚಿಗೆ ಬಂದು ಕುಸಿದಳು. ದಿನಾ ಬೈದ ಹಾಗೆ ಎಂದಳಲ್ಲ ಅವಳು! ಯೋಚಿಸಿದರೆ ಹೌದು. ಮೊನ್ನೆ ದಿಂಬಿನ ಚೀಲ ಎಣಿಕೆ ತಪ್ಪಿದ್ದಕ್ಕೆ ಕೂಗಾಡಿದ್ದು ಹೌದು. ಅಳುಮುಂಜಿ ಬಾತ್‌ರೂಮಿಂದ ಬಂದಾಗ ಗಡಿಯಾರ ನೋಡಿದ್ದೂ ಹೌದು. ಮೇಲಿನವರು ಬಟ್ಟೆ ಕೇಳುತ್ತಾರೆ, ಕೆಳಗಿನವರು ನಿಧಾನಿಸುತ್ತಾರೆ, ನಡುವೆ ಸಿಕ್ಕವಳ ಬಾಯಿಂದ ಮತ್ತೇನು ಬಂದೀತು? ಯಾರು ಬರೆದರೋ, ಸುಳ್ಳಂತೂ ಬರೆದಿಲ್ಲ. ಒಬ್ಬಳನ್ನು ಹೀಗೆ ಮಾಡಲು ಈ ಕುರ್ಚಿಗೆ ಮೂರೇ ತಿಂಗಳು ಸಾಕಾಯಿತಲ್ಲ ಎಂದು ಆಕೆಗೆ ತನ್ನ ಬಗ್ಗೆಯೇ ಭಯವಾಯಿತು.

ಅಧಿಕಾರಿ ಬಂದಾಗ ಕೋಣೆಯಲ್ಲಿ ಸುಟ್ಟ ವಾಸನೆ, ನೆಲದ ಮೇಲೆ ಹಾಸುಬಟ್ಟೆಗಳ ಗುಡ್ಡ, ಸುತ್ತ ಅತ್ತು ಕೆಂಪಾದ ಮುಖಗಳು. ಅವರು ನಿಟ್ಟುಸಿರಿಟ್ಟು, ಮ್ಯಾನೇಜರಮ್ಮ ಕೊಟ್ಟ ಚೀಟಿಯನ್ನು ಬಿಡಿಸಿ ಓದಿ, ಇಸ್ತ್ರಿಯಕ್ಕನ ಕೈಗಿತ್ತರು.

"ಕೊನೇ ಸಾಲು ಓದಿ, ಎಲ್ಲರಿಗೂ ಕೇಳೋ ಹಾಗೆ."

ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿ. ಮಾಸಿದ ನೀಲಿ ಶಾಯಿ. ಬಲಕ್ಕೆ ವಾಲಿದ ಅಕ್ಷರಗಳು ಆಕೆಯವೇ! ಎರಡು ವರ್ಷದ ಹಿಂದೆ ಕಾಲು ಬಾತು ಮಾತ್ರೆ ನುಂಗಿದ ದಿನ, ಕುರ್ಚಿಯಲ್ಲಿ ಕೂತು ಕಿರುಚುತ್ತಿದ್ದ ಆಗಿನ ಸೂಪರ್‌ವೈಸರ್ ಮೇಲಿನ ಸಿಟ್ಟಿನಲ್ಲಿ ಗೀಚಿ ಪೆಟ್ಟಿಗೆಗೆ ತುರುಕಿ ಮರೆತಿದ್ದ ಚೀಟಿ. ಆಗಿನ ಸೂಪರ್‌ವೈಸರ್ ಈಗ ಮ್ಯಾನೇಜರಮ್ಮನಾಗಿ ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದರು.

"ಓದಿ," ಎಂದರು ಅಧಿಕಾರಿ.

"ನಾನೇನಾದರೂ ಆ ಕುರ್ಚಿಗೆ ಬಂದರೆ," ಇಸ್ತ್ರಿಯಕ್ಕ ಓದಿದಳು, "ನಿಂತವರಿಗೆಲ್ಲ ಸರದಿಯ ಮೇಲೆ ಹತ್ತತ್ತು ನಿಮಿಷ ಕೂರಲು ಬಿಟ್ಟುಕೊಡುತ್ತೇನೆ."

ಮೂರು ತಿಂಗಳಲ್ಲಿ ಹತ್ತು ನಿಮಿಷವಿರಲಿ, ಅರೆ ನಿಮಿಷವೂ ಆಕೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ.

"ತಂಡ ನಡೆಸೋಕೆ ಬೇಕಾದ್ದು ಇಂಥ ಮನಸ್ಸು," ಎಂದರು ಅಧಿಕಾರಿ. "ಬರೆದವರು ಮುಂದೆ ಬನ್ನಿ, ಭಯ ಬೇಡ. ಈ ಕುರ್ಚಿ ಇವತ್ತಿಂದ ಅವರದ್ದು."

ನಾನೇ ಎನ್ನಲು ನಾಲಗೆ ಎದ್ದಿತು. ಹೇಳಿದರೆ, ಯಾವಾಗ ಬರೆದೆ, ಯಾರ ಮೇಲೆ ಬರೆದೆ ಎಂದು ಕೇಳುತ್ತಾರೆ. ಇಸ್ತ್ರಿಯಕ್ಕ ಮ್ಯಾನೇಜರಮ್ಮನ ಮುಖ ನೋಡಿದಳು. ಚೀಟಿಯನ್ನು ಮಡಿಸಿದಳು.

ಅಷ್ಟು ಹೊತ್ತು ರೇಡಿಯೊಗೆ ಧಾರಾಳವಾಗಿ ಸಾಕಾಯಿತು.

"ನಾನೇ ಸರ್ ಬರೆದದ್ದು," ಎಂದು ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇವರೆಲ್ಲರ ಕಾಲು ನೋಡಿ ಕರುಳು ಚುರುಕ್ ಅಂತಿತ್ತು."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮ್ಯಾನೇಜರಮ್ಮ.

ಅಧಿಕಾರಿ ಹೊರಟುಹೋದರು. ಇಸ್ತ್ರಿಯಕ್ಕ ತನ್ನ ಹಳೆಯ ಮೇಜಿನ ಮುಂದೆ ನಿಂತು ಹಾಸುಬಟ್ಟೆ ಹರವಿದಳು. ರೇಡಿಯೊ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, "ಅಬ್ಬಬ್ಬಾ!" ಎಂದು ಕಣ್ಣು ಮುಚ್ಚಿದಳು. ಎಂಟು ಜನ ಕೆಲಸ ಮಾಡುತ್ತಲೇ ಓರೆಗಣ್ಣಲ್ಲಿ ಕುರ್ಚಿ ನೋಡತೊಡಗಿದರು.

"ಅವಳು ಎದ್ದ ಮೇಲೆ ಮೊದಲ ಸರದಿ ಯಾರದ್ದಕ್ಕಾ?" ಎಂದು ಅಳುಮುಂಜಿ ಪಿಸುಗುಟ್ಟಿದಳು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ರೇಡಿಯೊ ಏಳಲಿಲ್ಲ. ಏಳುವುದಿಲ್ಲವೆಂದು ಇಸ್ತ್ರಿಯಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?