ಖುಷಿಯಾಗಿ ಕೂತಿರುವ ಕೆಲಸ

ಸಹಿ ಹಾಕುವ ಮುಂಚೆ ಮೇಲಿನದನ್ನು ಓದಿನೋಡುವ ದುರಭ್ಯಾಸ ಇರದಿದ್ದರೆ ಕೊಡೆ ಗುಮಾಸ್ತರ ಕತೆ ಅಂದು ಬೆಳಗ್ಗೆ ಹನ್ನೊಂದಕ್ಕೇ ಮುಗಿದುಹೋಗುತ್ತಿತ್ತು. ಬಸ್ ಕಂಪನಿಯ ಕಚೇರಿಯಲ್ಲಿ ಅವರದು ಕಳೆದುಹೋದ ಸಾಮಾನಿನ ವಿಭಾಗ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳಿಗೆ ಚೀಟಿ ಅಂಟಿಸಿ, ಧೂಳು ಹೊಡೆದು, ಸಾಲಾಗಿ ಜೋಡಿಸಿಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದರು. ಕೊಡೆಗಳೇ ಹೆಚ್ಚು ಬರುತ್ತಿದ್ದುದರಿಂದ ಆ ಹೆಸರು. ಆ ಕೆಲಸ ಅವರಿಗೆ ಪ್ರಾಣ. ನಾಚಿಕೆಯಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ಜನ ಸ್ವಂತ ಇಷ್ಟದಿಂದ ಕೆಲಸ ಬಿಡಬೇಕೆಂದು ಹೆಡ್ಡಾಫೀಸು ಅಪ್ಪಣೆ ಮಾಡಿತ್ತು. ಯಾರಿಗೆ ಆ ಇಷ್ಟ ಬರಬೇಕೆಂದು ಮ್ಯಾನೇಜರು ಪಟ್ಟಿ ಮಾಡಿದ್ದರು. ಮೂವರು ಸಹಿ ಹಾಕಿ ಮನೆಗೆ ಹೋಗಿಯಾಗಿತ್ತು. ನಾಲ್ಕನೆಯವರಾದ ಗುಮಾಸ್ತರು ಇಂಗ್ಲಿಷ್ ರಾಜೀನಾಮೆ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

"ಸಾರ್, ನನ್ನನ್ನ ಯಾರೂ ಕಂಪೆಲ್ ಮಾಡಿಲ್ಲ ಅಂತ ಬರೆದಿದೆ. ಹಾಗಂದ್ರೇನು ಅಂತ ಸರಿಯಾಗಿ ತಿಳ್ಕೊಂಡು ಹಾಕ್ತೀನಿ."

"ಧಾರಾಳವಾಗಿ ತಿಳ್ಕೊಳ್ಳಿ. ಐದು ಗಂಟೆಯೊಳಗೆ ತಿಳ್ಕೊಂಡುಬಿಡಿ," ಎಂದು ಮ್ಯಾನೇಜರು ಬಾಗಿಲು ತೋರಿಸಿದರು.

ಗುಮಾಸ್ತರ ಕಪಾಟಿನಲ್ಲೇ ಒಂದು ನಿಘಂಟಿತ್ತು. ಆರು ವರ್ಷದ ಹಿಂದೆ ಯಾರೋ ಬಸ್ಸಿನಲ್ಲಿ ಮರೆತದ್ದು. ತೆಗೆದು ನೋಡಿದರೆ 'ಒತ್ತಾಯಿಸು, ಬಲವಂತಪಡಿಸು, ಬೇರೆ ದಾರಿಯಿಲ್ಲದಂತೆ ಮಾಡು' ಎಂದಿತ್ತು. ಕೆಳಗಿನ ಉದಾಹರಣೆಯಲ್ಲಿ ಯಾರೋ ರಾಜ ತನ್ನ ಮಂತ್ರಿಯನ್ನು ಕಂಪೆಲ್ ಮಾಡಿದ್ದ. ಬಸ್ ಕಂಪನಿಯಲ್ಲೂ ಇದು ನಡೆಯುತ್ತದೆಯೋ ಇಲ್ಲವೋ ಗುಮಾಸ್ತರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಟಿಕೆಟ್ ವಿಭಾಗದ ಮೀಸೆಯವರು ಅಳತೆ ಟೇಪು ಹಿಡಿದು ಒಳಗೆ ಬಂದರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು.

"ಬಲವಂತ ಅಂದ್ರೆ ಕುತ್ತಿಗೆ ಹಿಡಿಯೋದು ಗುಮಾಸ್ತರೇ. ನಿಮ್ಮ ಕುತ್ತಿಗೆ ಯಾರಾದ್ರೂ ಹಿಡಿದ್ರಾ?"

"ಇಲ್ಲಪ್ಪ."

"ಮತ್ತೆ? ಅರ್ಥ ಆಯ್ತಲ್ಲ. ಸ್ವಲ್ಪ ಆ ಕಡೆ ಸರೀರಿ, ಗೋಡೆ ಅಳತೆ ತಗೋಬೇಕು. ನಾಳೆಯಿಂದ ಈ ರೂಮು ನಮಗೆ."

ಗುಮಾಸ್ತರು ಸರಿದರು. ಸರಿದವರು ಹಾಗೇ ಟೈಪಿಸ್ಟಮ್ಮನ ಮೇಜಿನ ತನಕ ಹೋದರು. ಆಕೆ ಓದಿಕೊಂಡವಳು, ಎಲ್ಲರ ಅರ್ಜಿ ತಿದ್ದುವವಳು.

"ಮೀಸೆಯವರಿಗೇನು ಗೊತ್ತು? ಕಂಪೆಲ್ ಅಂದ್ರೆ ಬೇರೆ ದಾರೀನೇ ಇಲ್ಲದ ಹಾಗೆ ಮಾಡೋದು. ನಿಮಗೆ ದಾರಿ ಇದೆಯಲ್ಲ ಸಾರ್. ಬೇಡ ಅಂದ್ರೆ ಸೈನ್ ಹಾಕ್ಬೇಡಿ."

"ಹಾಕದಿದ್ರೆ ಏನಾಗುತ್ತೆ ತಾಯಿ?"

"ಊರಾಚೆ ಗ್ಯಾರೇಜಿಗೆ ಹಾಕ್ತಾರೆ. ಹಳೇ ಟೈರ್ ಎಣಿಸೋ ಕೆಲಸ. ಅದೂ ಒಂದು ದಾರಿ ತಾನೆ?" ಎಂದು ಸಮಾಧಾನ ಹೇಳಿ, ಆಕೆ ದನಿ ತಗ್ಗಿಸಿದಳು. "ಅಂದಹಾಗೆ ನಿಮ್ಮ ರೂಮಿನ ಫ್ಯಾನ್ ಯಾರಿಗೂ ಕೊಡ್ತೀನಿ ಅಂತ ಹೇಳಿಲ್ಲ ಅಲ್ವಾ? ಇಲ್ಲಿ ಬಹಳ ಸೆಕೆ."

ಮಧ್ಯಾಹ್ನ ಹೆಂಡತಿಯ ಫೋನು ಬಂತು. ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ ದೇವರೇ ಬಲ್ಲ. "ಅದೇನು ಅರ್ಥ ಹುಡುಕ್ತಾ ಕೂತಿದೀರಂತೆ? ಸುಮ್ನೆ ಸೈನ್ ಹಾಕಿ ಬನ್ನಿ. ನಾಳೆಯಿಂದ ನಮ್ಮಣ್ಣನ ಪಾತ್ರೆ ಅಂಗಡಿಲಿ ಕೂತ್ಕೊಳ್ತಾರೆ ಅಂತ ಹೇಳಿಬಿಟ್ಟಿದೀನಿ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀವು ಯೋಚನೆ ಮಾಡ್ತಿದ್ರಿ," ಎಂದಳು.

ಮೂರು ಗಂಟೆಗೆ ಗುಜರಿಯವನ ಗಾಡಿ ಬಂದು ನಿಂತಿತು. ಮೀಸೆಯವರು ಅವಸರದ ಮನುಷ್ಯ. ಮ್ಯಾನೇಜರ ಅಪ್ಪಣೆ ಪಡೆದು ಕೊಡೆಗಳನ್ನು ಸೌದೆಯಂತೆ ಹೊರೆ ಕಟ್ಟಿಸುತ್ತಿದ್ದರು. ಗುಮಾಸ್ತರು ಅಡ್ಡ ಹೋದರು.

"ಅವು ಜನರದ್ದು ಕಣಪ್ಪ!"

"ಯಾವ ಜನರದ್ದು ಸ್ವಾಮಿ?" ಎಂದ ಗುಜರಿಯವನು, ನಿಜವಾಗಿಯೂ ತಿಳಿದುಕೊಳ್ಳುವವನ ಹಾಗೆ.

ಗುಮಾಸ್ತರು ಕೈಗೆ ಸಿಕ್ಕ ಕೊಡೆಯ ಚೀಟಿ ತಿರುಗಿಸಿ ನೋಡಿದರು. ಗಾಡಿ ಹೊರಟುಹೋಯಿತು. ಬರಿದಾದ ಕಪಾಟಿನ ಮುಂದೆ ನಿಂತಾಗ ಅವರಿಗೆ ಅಳು ಬಂತು. ಇಷ್ಟು ವರ್ಷದಲ್ಲಿ ತಾನಿಲ್ಲದಿದ್ದರೆ ಇಲ್ಲಿ ಏನೋ ಒಂದು ನಿಂತುಹೋಗುತ್ತದೆ ಎಂದುಕೊಂಡಿದ್ದರು. ಏನೂ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಆ ದುಃಖದ ತಳದಲ್ಲೇ ಒಂದು ಹಗುರತನ ಸಿಕ್ಕಿತು. ಹೋಗಿಬಿಡೋಣ ಅನ್ನಿಸಿತು. ಪಾತ್ರೆ ಅಂಗಡಿಗೂ ಬೇಡ. ನಾಳೆ ಒಂಬತ್ತರ ತನಕ ಮಲಗಿ, ಎದ್ದು, ಯಾವುದೋ ಒಂದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂರಬೇಕು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಖ ತೊಳೆದುಕೊಂಡು ಮ್ಯಾನೇಜರ ಕೋಣೆಗೆ ನಡೆದರು.

"ಕೊಡಿ ಸಾರ್, ಸಹಿ ಹಾಕ್ತೀನಿ. ಈಗ ನಿಜವಾಗ್ಲೂ ಯಾರ ಬಲವಂತವೂ ಇಲ್ಲ."

ಮ್ಯಾನೇಜರು ಆ ಕಾಗದವನ್ನು ಡ್ರಾಯರಿನೊಳಗೆ ತಳ್ಳಿದರು. "ತಡ ಮಾಡಿದ್ದು ಒಳ್ಳೇದೇ ಆಯ್ತು. ಹೆಡ್ಡಾಫೀಸಿಂದ ಈಗ ಫೋನ್ ಬಂದಿತ್ತು. ಕೇಳಿದ ನಾಲ್ಕಕ್ಕೆ ನಾಲ್ಕೂ ಜನ ಸೈನ್ ಹಾಕಿದ್ರೆ ಬಲವಂತ ಮಾಡಿದ ಹಾಗೆ ಕಾಣುತ್ತಂತೆ. ಒಬ್ಬರಾದ್ರೂ ಒಲ್ಲೆ ಅಂದಿರಬೇಕಂತೆ. ಬೆಳಗ್ಗಿಂದ ಎಳೆದಾಡ್ತಿದ್ದೋರು ನೀವೊಬ್ಬರೇ. ನಿಮ್ಮ ಹೆಸರು ಕಳಿಸಿದೀನಿ."

"ಆದ್ರೆ ನನಗೆ ಹೋಗ್ಬೇಕು ಅನ್ನಿಸ್ತಿದೆ ಸಾರ್!"

"ನಿಮಗೆ ಅನ್ನಿಸಿದ ಹಾಗೆಲ್ಲ ಆಗುತ್ತೇನ್ರೀ? ನೀವು ಹೋದ್ರೆ ಆ ಮೂವರನ್ನ ನಾನು ಕುತ್ತಿಗೆ ಹಿಡಿದು ದಬ್ಬಿದೆ ಅಂತಾಗುತ್ತೆ." ಅವರು ಹೊಸದೊಂದು ಹಾಳೆ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಸ್ವಂತ ಇಷ್ಟದಿಂದ ಉಳ್ಕೊಂಡಿದೀನಿ ಅಂತ ಇದೆ. ಹಾಕಿ."

ಗುಮಾಸ್ತರು ಪೆನ್ನು ತಗೊಂಡರು. "ಉಳ್ಕೊಂಡು ಏನು ಮಾಡ್ಲಿ ಸಾರ್? ರೂಮಿಲ್ಲ, ಸಾಮಾನಿಲ್ಲ."

"ಏನೂ ಮಾಡ್ಬೇಡಿ. ಮೆಟ್ಟಿಲ ಪಕ್ಕ ಬೆಂಚಿದೆಯಲ್ಲ, ಹತ್ತರಿಂದ ಐದರ ತನಕ ಅಲ್ಲಿ ಕೂತಿರಿ. ಮೇಲಿನವರು ಬಂದಾಗ ತೋರಿಸ್ತೀವಿ. ನೋಡೋರಿಗೆ ಸ್ವಲ್ಪ ಖುಷಿಯಾಗಿರೋ ಹಾಗೆ ಕಾಣಬೇಕು, ಅಷ್ಟೆ."

ಗುಮಾಸ್ತರು ಸಹಿ ಹಾಕಿ ಹೊರಗೆ ಬಂದರು. ಐದಾಗಲು ಇನ್ನೂ ಹತ್ತು ನಿಮಿಷವಿತ್ತು. ಬೆಂಚಿನ ಮೇಲೆ ಕೂತು, ಖುಷಿಯಾಗಿರಲು ಶುರು ಮಾಡಿದರು.